ಹಸಿರೆಲೆಯ ಪ್ರಶ್ನೆ: ಗಾಂಜಾ, ಮಿದುಳು ಮತ್ತು ಪ್ರಮಾದ

ಶ್ರಾವಕನು ತ್ಯಜಿಸಬೇಕಾದ ವಸ್ತುಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ಸೂಕ್ಷ್ಮ ಭೇದವನ್ನು ತೋರಿಸಿದ್ದಾರೆ. ಮಾಂಸವನ್ನೂ ಮಧುವನ್ನೂ ಬಿಡಬೇಕಾದುದು ತ್ರಸಜೀವಗಳ ಘಾತವನ್ನು ಪರಿಹರಿಸುವುದಕ್ಕಾಗಿ. ಮದ್ಯವನ್ನು ಬಿಡಬೇಕಾದುದು ಪ್ರಮಾದವನ್ನು ಪರಿಹರಿಸುವುದಕ್ಕಾಗಿ. ಮದ್ಯ, ಮಾಂಸ, ಮಧು ಎಂದು ಒಂದೇ ಉಸಿರಿನಲ್ಲಿ ಹೇಳಿ ರೂಢಿಯಾಗಿರುವುದರಿಂದ ಈ ಭೇದ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯದೊಳಗಿನ ಜೀವೋತ್ಪತ್ತಿಯನ್ನೂ ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ಅವರು ಹೇಳುವುದು ಮನಸ್ಸಿನ ಮಾತನ್ನು: ಮದ್ಯ ಚಿತ್ತವನ್ನು ಮೋಹಗೊಳಿಸುತ್ತದೆ, ಮೋಹಗೊಂಡ ಚಿತ್ತ ಧರ್ಮವನ್ನು ಮರೆಯುತ್ತದೆ, ಧರ್ಮವನ್ನು ಮರೆತವನು ಶಂಕೆಯಿಲ್ಲದೆ ಹಿಂಸೆಗೆ ತೊಡಗುತ್ತಾನೆ.

ಈ ಭೇದ ಇಂದು ಮನೆಮನೆಯಲ್ಲಿ ಬೇಕಾಗಿದೆ. ದೂರದ ಊರಿನ ಕಾಲೇಜಿನಿಂದ ರಜೆಗೆ ಬಂದ ಮಗ, ತಂದೆಯ ಎದುರಿನಲ್ಲಲ್ಲದಿದ್ದರೂ ಅಣ್ಣನ ಎದುರಿನಲ್ಲಿ ಕೇಳುವ ಪ್ರಶ್ನೆಯೊಂದಿದೆ. ಗಾಂಜಾ ಒಂದು ಗಿಡ. ಭಂಗಿ ಅದರ ಸೊಪ್ಪು. ಅದನ್ನು ಹೆಂಡದಂತೆ ಹುಳಿಯಿಸುವುದಿಲ್ಲ, ಅದು ನೆಲದೊಳಗಿನ ಗಡ್ಡೆಯಲ್ಲ, ಅದಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ. ಅಷ್ಟಮೂಲಗುಣಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹಾಗಿದ್ದ ಮೇಲೆ ಅದೇಕೆ ನಿಷಿದ್ಧ? ಪ್ರಶ್ನೆ ಉದ್ಧಟತನದ್ದಲ್ಲ. ಜೀವಘಾತವೊಂದೇ ಕಾರಣವೆಂದು ತಿಳಿದವರಿಗೆ ಇದಕ್ಕೆ ಉತ್ತರ ಕೊಡಲಾಗದು. ಸಮಂತಭದ್ರರು ಹೇಳಿದ ಕಾರಣವನ್ನು ಹಿಡಿದರೆ ಮಾತ್ರ ಪ್ರಶ್ನೆ ಸರಿಯಾದ ನೆಲೆಗೆ ಬರುತ್ತದೆ: ಈ ಎಲೆ ಎಚ್ಚರವನ್ನು ಏನು ಮಾಡುತ್ತದೆ? ಈ ಪ್ರಶ್ನೆಯನ್ನು ವೈದ್ಯರೂ ರಸಾಯನಶಾಸ್ತ್ರಜ್ಞರೂ ಕೇಳತೊಡಗಿ ಎರಡು ಶತಮಾನಗಳು ಸಮೀಪಿಸುತ್ತಿವೆ. ಆ ಅನ್ವೇಷಣೆ ಮೊದಲಾದುದು ಭಾರತದಲ್ಲಿಯೇ.

ಐರ್ಲೆಂಡಿನ ವಿಲಿಯಂ ಬ್ರೂಕ್ ಓಶಾಘ್ನೆಸಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ 1833ರಲ್ಲಿ ಕಲ್ಕತ್ತೆಗೆ ಬಂದನು. 1835ರಲ್ಲಿ ಸ್ಥಾಪನೆಯಾದ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ದೇಶದಲ್ಲಿ ತಂತಿ ಸಂಪರ್ಕವನ್ನು ಹಾಕಿಸಿದವನೆಂದು ಅವನ ಹೆಸರು ಮುಂದೆ ಪ್ರಸಿದ್ಧವಾಯಿತು. 1839ರಲ್ಲಿ ಅವನು ಗಾಂಜಾದ ಬಗೆಗೆ ಪ್ರಕಟಿಸಿದ ಪ್ರಬಂಧ ಆಧುನಿಕ ವೈದ್ಯಶಾಸ್ತ್ರದಲ್ಲಿ ಈ ವಿಷಯದ ಮೊದಲ ವ್ಯವಸ್ಥಿತ ಬರಹಗಳಲ್ಲೊಂದು. ಅವನು ದೇಶೀಯ ವಿದ್ವಾಂಸರನ್ನು ಕೇಳಿ ತಿಳಿದುಕೊಂಡನು. 1836ರಲ್ಲಿ ಅದೇ ಕಾಲೇಜಿನಲ್ಲಿ ಶವಚ್ಛೇದನಕ್ಕೆ ಕೈಹಾಕಿ ಸಂಪ್ರದಾಯಸ್ಥರನ್ನು ಬೆಚ್ಚಿಬೀಳಿಸಿದ ಪಂಡಿತ ಮಧುಸೂದನ ಗುಪ್ತರೂ ಆ ವಿದ್ವಾಂಸರಲ್ಲಿದ್ದರು. ಆಮೇಲೆ ಅವನು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿದನು. ನಾಯಿಗೆ ಚರಸ್ ತಿನ್ನಿಸಿ ಅದು ತೂಗಾಡುವುದನ್ನೂ ಮಂಪರಿಗೆ ಬೀಳುವುದನ್ನೂ ಕೆಲವು ಗಂಟೆಗಳಲ್ಲಿ ಮೊದಲಿನಂತಾಗುವುದನ್ನೂ ಬರೆದಿಟ್ಟನು. ಮಾಂಸಾಹಾರಿ ಪ್ರಾಣಿಗಳಿಗೆ ಅಮಲು ಏರುತ್ತದೆ, ಹುಲ್ಲು ಮೇಯುವ ಪ್ರಾಣಿಗಳಿಗೂ ಕೋತಿಗೂ ಅಷ್ಟಾಗಿ ಏರುವುದಿಲ್ಲ ಎಂಬುದು ಅವನ ನಿರ್ಣಯ. ಇದನ್ನು ಓದಿದ ಜೈನ ಓದುಗನಿಗೆ ಒಳಗೊಳಗೇ ಸಂತೋಷವಾಗಬಹುದು. ಆದರೆ ಈ ವಿಭಾಗ ಮುಂದೆ ನಿಲ್ಲಲಿಲ್ಲ. ಗಾಂಜಾ ಕೆಲಸ ಮಾಡುವ ತಾಣಗಳು ಬೆನ್ನುಮೂಳೆಯುಳ್ಳ ಎಲ್ಲ ಪ್ರಾಣಿವರ್ಗಗಳ ಮಿದುಳಿನಲ್ಲಿಯೂ ಇವೆಯೆಂದು ನೂರೈವತ್ತು ವರ್ಷಗಳ ಬಳಿಕ ತಿಳಿಯಿತು.

ಓಶಾಘ್ನೆಸಿ ರೋಗಿಗಳಿಗೂ ಅದನ್ನು ಕೊಟ್ಟು ನೋಡಿದನು. ಹುಚ್ಚುನಾಯಿ ಕಡಿದು ನೀರನ್ನು ಕಂಡರೆ ಕಂಪಿಸುತ್ತಿದ್ದ ಮನುಷ್ಯನೊಬ್ಬನಿಗೆ ಸಾವು ತಪ್ಪಲಿಲ್ಲ; ಸಂಕಟ ಕಡಿಮೆಯಾಯಿತು. ಸೆಳವಿನಿಂದ ನರಳುತ್ತಿದ್ದ ಎಳೆಗೂಸೊಂದು ಚೇತರಿಸಿಕೊಂಡಿತು. ಔಷಧ ಮತ್ತು ಅಮಲು ಒಂದೇ ಗಿಡದಲ್ಲಿ ಕೂಡಿಕೊಂಡಿರುವುದು ಹೀಗೆ ಮೊದಲ ಹೆಜ್ಜೆಯಲ್ಲಿಯೇ ಕಂಡುಬಂದಿತ್ತು. ಹೇಗೆ ಎಂಬುದು ಮಾತ್ರ ಅವನಿಗೆ ತಿಳಿಯುವಂತಿರಲಿಲ್ಲ.

ಎರಡನೆಯ ಘಟ್ಟ ರಾಜಕೀಯದಿಂದ ಹುಟ್ಟಿತು. ಬ್ರಿಟಿಷ್ ಸರ್ಕಾರ ಗಾಂಜಾದ ಮೇಲೆ ತೆರಿಗೆ ವಿಧಿಸಿ ವರಮಾನ ಪಡೆಯುತ್ತಿತ್ತು. ಭಾರತದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿವೆಯೆಂಬ ಮಾತು ಇಂಗ್ಲೆಂಡಿನಲ್ಲಿ ಹಬ್ಬಿತು. ಪಾನನಿರೋಧ ಚಳವಳಿಯ ಡಬ್ಲ್ಯು. ಎಸ್. ಕೇನ್ 1893ರ ಮಾರ್ಚ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎತ್ತಿದನು. ಅದೇ ವರ್ಷ ಜುಲೈಯಲ್ಲಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಭಾರತೀಯ ಗಾಂಜಾ ಆಯೋಗ ನೇಮಕವಾಯಿತು. ಅವರಲ್ಲಿ ಮೂವರು ಭಾರತೀಯರು. ಆಯೋಗ 1,193 ಸಾಕ್ಷಿಗಳನ್ನು ವಿಚಾರಿಸಿತು. 1894ರಲ್ಲಿ ಅದು ಒಪ್ಪಿಸಿದ ವರದಿ ಏಳು ಸಂಪುಟಗಳು, ಮೂರು ಸಾವಿರಕ್ಕೂ ಹೆಚ್ಚು ಪುಟಗಳು.

ಈ ವರದಿಯಲ್ಲಿ ಇಂದಿಗೂ ಓದಬೇಕಾದ ಭಾಗ ಹುಚ್ಚಾಸ್ಪತ್ರೆಗಳ ದಾಖಲೆ ಪುಸ್ತಕಗಳ ಪರಿಶೀಲನೆ. 1892ರಲ್ಲಿ ಆಸ್ಪತ್ರೆಗಳಿಗೆ ಸೇರಿದವರು 1,344 ಮಂದಿ. ಅವರಲ್ಲಿ 222 ಮಂದಿಯ ಹುಚ್ಚಿಗೆ ಕಾರಣ ಗಾಂಜಾ ಎಂದು ದಾಖಲಾಗಿತ್ತು. ಆಯೋಗ ಈ ಅಂಕಿಯನ್ನು ಹಾಗೆಯೇ ಸ್ವೀಕರಿಸಲಿಲ್ಲ. ಒಂದೊಂದು ಪ್ರಕರಣದ ಮೂಲವನ್ನೂ ಹುಡುಕಿಸಿ, ಊರಿನವರನ್ನೂ ಬಂಧುಗಳನ್ನೂ ಕೇಳಿಸಿತು. ಆಗ ಹೊರಬಿದ್ದ ಸಂಗತಿ ವಿಚಿತ್ರವಾದುದು. ಬೀದಿಯಲ್ಲಿ ಅಲೆಯುತ್ತಿದ್ದ ಬುದ್ಧಿಭ್ರಮಿತನನ್ನು ಪೋಲೀಸರು ಹಿಡಿದು ತರುತ್ತಿದ್ದರು. ಅವನೊಂದಿಗೆ ಕಳುಹಿಸುವ ವಿವರಪಟ್ಟಿಯಲ್ಲಿ 'ಕಾರಣ' ಎಂಬ ಅಂಕಣವೊಂದಿತ್ತು. ಅದನ್ನು ಖಾಲಿ ಬಿಡುವಂತಿರಲಿಲ್ಲ. ಹೆಸರು, ಊರು, ಬಂಧುಗಳು ಯಾವುದೂ ತಿಳಿಯದ ಮನುಷ್ಯನ ಹುಚ್ಚಿಗೆ ಕಾರಣ ಬರೆಯಬೇಕಾದಾಗ ಕೈಗೆ ಸುಲಭವಾಗಿ ಸಿಗುತ್ತಿದ್ದ ಪದ 'ಗಾಂಜಾ'. ಆಸ್ಪತ್ರೆಯ ಅಧಿಕಾರಿಗಳು ಅದನ್ನೇ ನಕಲು ಮಾಡುತ್ತಿದ್ದರು, ಸರ್ಕಾರ ಅದನ್ನೇ ಅಂಕಿಅಂಶವಾಗಿ ಅಚ್ಚು ಹಾಕಿಸುತ್ತಿತ್ತು. ಮರುಪರಿಶೀಲನೆಯ ಬಳಿಕ ಉಳಿದವು 98 ಪ್ರಕರಣಗಳು. ಅವುಗಳಲ್ಲಿಯೂ 37ರಲ್ಲಿ ಬೇರೆ ಕಾರಣಗಳು ಬೆರೆತಿದ್ದವು.

ಸತ್ಯವ್ರತದ ದೃಷ್ಟಿಯಿಂದ ಈ ಪ್ರಕರಣ ಯೋಚಿಸತಕ್ಕದ್ದು. ದುಶ್ಚಟವನ್ನು ಖಂಡಿಸುವುದಕ್ಕಾಗಿಯೇ ಆದರೂ ತಿಳಿಯದುದನ್ನು ತಿಳಿದಂತೆ ಬರೆದರೆ ಅದು ಅಸತ್ಯವೇ. ಗಾಂಜಾ ಸೇದಿದವನು ನಾಳೆಯೇ ಹುಚ್ಚನಾಗುವನೆಂದು ಹೆದರಿಸುವ ಕರಪತ್ರಗಳಿಂದ ಆಗುವ ಹಾನಿಯೂ ಇಂಥದೇ: ಸೇದಿದ ಹುಡುಗ ಮರುದಿನ ಹುಚ್ಚನಾಗುವುದಿಲ್ಲ, ಆ ಬಳಿಕ ಅವನು ಹಿರಿಯರ ನಿಜವಾದ ಮಾತನ್ನೂ ನಂಬುವುದಿಲ್ಲ.

ಮಿತವಾದ ಬಳಕೆಯಿಂದ ಗಮನಾರ್ಹ ಹಾನಿಯಿಲ್ಲ, ಅತಿಯಾದ ಬಳಕೆಯಿಂದ ಹಾನಿಯಿದೆ, ಆದುದರಿಂದ ಪೂರ್ಣ ನಿಷೇಧ ಅನಾವಶ್ಯಕ ಎಂಬುದು ಆಯೋಗದ ತೀರ್ಮಾನ. ತಾಹಿರಪುರದ ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಮುಜಫರ್‌ನಗರದ ಲಾಲಾ ನಿಹಾಲ್ ಚಂದ್ ಎಂಬ ಇಬ್ಬರು ಸದಸ್ಯರು ತಮ್ಮ ಭಿನ್ನಾಭಿಪ್ರಾಯವನ್ನು ಪ್ರತ್ಯೇಕವಾಗಿ ಬರೆದರು. ತೆರಿಗೆ ಪಡೆಯುವ ಸರ್ಕಾರವೇ ನೇಮಿಸಿದ ಆಯೋಗವೆಂಬುದನ್ನು ಮರೆಯುವಂತಿಲ್ಲ. ಆದರೂ ವಿಚಾರಣೆಯ ಪ್ರಾಮಾಣಿಕತೆಯಲ್ಲಿ ಅದಕ್ಕೆ ಸಾಟಿಯಾದ ಕೆಲಸ ಮುಂದಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ವಿರಳ. ಆಯೋಗಕ್ಕಾಗಿ ಡಿ. ಡಿ. ಕನಿಂಗ್‌ಹ್ಯಾಂ ಎಂಬ ವೈದ್ಯ ಕೋತಿಗಳಿಗೆ ಗಾಂಜಾ ಹೊಗೆ ಕುಡಿಸಿ, ಬಳಿಕ ಅವುಗಳ ಮಿದುಳನ್ನು ಪರೀಕ್ಷಿಸಿದನು. ಗಾಂಜಾದಿಂದಲೇ ಆದುದೆನ್ನಬಹುದಾದ ಗಾಯವೇನೂ ಅಲ್ಲಿ ಕಾಣಲಿಲ್ಲ. ಕಣ್ಣಿಗೆ ಕಾಣುವಂಥ ಗಾಯವನ್ನು ಹುಡುಕುತ್ತಿದ್ದ ಕಾಲವದು. ಬದಲಾವಣೆ ನಡೆಯುತ್ತಿದ್ದುದು ಅಂದಿನ ಸೂಕ್ಷ್ಮದರ್ಶಕದ ಕಣ್ಣಿಗೂ ನಿಲುಕದ ಆಳದಲ್ಲಿ.

ಆ ಆಳಕ್ಕೆ ಇಳಿಯಲು ಮೊದಲು ಅಮಲಿನ ಸಾರ ಯಾವುದೆಂದು ತಿಳಿಯಬೇಕಿತ್ತು. ಅಫೀಮಿನಿಂದ ಮಾರ್ಫಿನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಹರಳಾಗಿ ಬೇರ್ಪಟ್ಟಿತ್ತು. ಗಾಂಜಾದ ಸಾರ ಹರಳುಗಟ್ಟದ ಅಂಟು ಎಣ್ಣೆ. ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಕೈಗೆ ಸಿಗದೆ ನುಣುಚಿಕೊಂಡಿತು. 1896ರಲ್ಲಿ ಕೇಂಬ್ರಿಜ್‌ನಲ್ಲಿ ಭಾರತದ ಚರಸ್ಸನ್ನು ಬಟ್ಟಿಯಿಳಿಸಿದರು, 1940ರ ದಶಕದಲ್ಲಿ ಅಮೆರಿಕೆಯ ರೋಜರ್ ಆಡಮ್ಸ್ ಮತ್ತು ಬ್ರಿಟನ್ನಿನ ಅಲೆಕ್ಸಾಂಡರ್ ಟಾಡ್ ಅದರ ಹತ್ತಿರಕ್ಕೆ ಬಂದರು. ಕೊನೆಗೆ 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ ಅದನ್ನು ಶುದ್ಧವಾಗಿ ಬೇರ್ಪಡಿಸಿ ರಚನೆಯನ್ನು ನಿರ್ಧರಿಸಿದರು. ಪೋಲೀಸರು ವಶಪಡಿಸಿಕೊಂಡಿದ್ದ ಐದು ಕಿಲೊ ಹಶೀಶನ್ನು ಪಡೆದು ಮೆಶೂಲಂ ಸಾರ್ವಜನಿಕ ಬಸ್ಸಿನಲ್ಲಿ ಪ್ರಯೋಗಶಾಲೆಗೆ ತಂದ ಕಥೆಯನ್ನು ಅವರೇ ಮುಂದೆ ಹೇಳುತ್ತಿದ್ದರು. ಗಿಡದಲ್ಲಿರುವ ಹತ್ತಾರು ದ್ರವ್ಯಗಳಲ್ಲಿ ಅಮಲೇರಿಸುವುದು ಮುಖ್ಯವಾಗಿ ಒಂದೇ: ಟೆಟ್ರಾಹೈಡ್ರೊಕ್ಯಾನಬಿನಾಲ್, ಸಂಕ್ಷೇಪವಾಗಿ ಟಿ.ಎಚ್.ಸಿ. ಇದು ಖಚಿತವಾದುದು ಕೋತಿಗಳ ಮೇಲಿನ ಪರೀಕ್ಷೆಯಿಂದ.

ಈ ದ್ರವ್ಯ ಮಿದುಳಿನಲ್ಲಿ ಎಲ್ಲಿ ಅಂಟಿಕೊಳ್ಳುತ್ತದೆ? ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ನರಕೋಶಗಳ ಪೊರೆಯಲ್ಲಿ ಎಲ್ಲೆಂದರಲ್ಲಿ ನುಸುಳಿ ಮಂಕು ಕವಿಸುತ್ತದೆಯೆಂದು ಬಹುಕಾಲ ಭಾವಿಸಿದ್ದರು. 1988ರಲ್ಲಿ ಅಮೆರಿಕೆಯ ಸೇಂಟ್ ಲೂಯಿಸ್‌ನಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಆ ಭಾವನೆಯನ್ನು ಬದಲಿಸಿದರು. ಬೀಗಕ್ಕೆ ಕೀಲಿ ಕೂರುವಂತೆ ಟಿ.ಎಚ್.ಸಿ. ಕೂರುವ ನಿಶ್ಚಿತ ಗ್ರಾಹಿಯೊಂದು ಇಲಿಯ ಮಿದುಳಿನಲ್ಲಿ ಸಿಕ್ಕಿತು. 1990ರಲ್ಲಿ ಅದರ ವಂಶವಾಹಿಯನ್ನು ಲಿಸಾ ಮತ್ಸುದಾ ಮತ್ತು ಸಂಗಡಿಗರು ಗುರುತಿಸಿದರು. ಅದೇ ವರ್ಷ ಈ ಗ್ರಾಹಿಗಳ ನಕ್ಷೆಯೂ ಸಿದ್ಧವಾಯಿತು. ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್, ಚಲನೆಯನ್ನು ಹದಗೊಳಿಸುವ ಭಾಗಗಳು, ಯೋಚನೆಯ ಹೊರಪದರ ಇವುಗಳಲ್ಲಿ ಅವು ದಟ್ಟವಾಗಿವೆ. ಉಸಿರಾಟವನ್ನು ನಡೆಸುವ ಮಿದುಳುಕಾಂಡದಲ್ಲಿ ಬಹಳ ವಿರಳ. ಅಫೀಮಿನ ಅತಿಸೇವನೆಯಿಂದ ಉಸಿರು ನಿಂತು ಸಾಯುವಂತೆ ಗಾಂಜಾದಿಂದ ಸಾಯುವುದಿಲ್ಲವೇಕೆ, ಆದರೆ ಈಗ ಹೇಳಿದ ಮಾತು ಮರುಕ್ಷಣ ಮರೆತುಹೋಗುವುದೇಕೆ ಎಂಬ ಎರಡಕ್ಕೂ ಈ ನಕ್ಷೆಯಲ್ಲಿಯೇ ಉತ್ತರವಿತ್ತು.

ಬೀಗವಿದ್ದ ಮೇಲೆ ದೇಹದ ಸ್ವಂತ ಕೀಲಿಯೂ ಇರಲೇಬೇಕು. ಯಾವುದೋ ಗಿಡದ ರಸಕ್ಕಾಗಿ ಮಿದುಳು ಬೀಗ ಮಾಡಿಟ್ಟುಕೊಂಡಿರುವುದಿಲ್ಲ. ಡಿವೇನ್ ಜೆರುಸಲೇಮಿಗೆ ಹೋಗಿ ಮೆಶೂಲಂ ಮತ್ತು ಲೂಮೀರ್ ಹಾನುಶ್ ಅವರೊಂದಿಗೆ ಕೆಲಸ ಮಾಡಿ ಆ ಕೀಲಿಯನ್ನು ಕಂಡುಹಿಡಿದರು. 1992ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಅವರು ಇಟ್ಟ ಹೆಸರು ಸಂಸ್ಕೃತದ 'ಆನಂದ' ಪದದಿಂದ ಬಂದುದು: ಆನಂದಮೈಡ್.

ಹೆಸರು ಭಾರತೀಯರಿಗೆ ಹೆಮ್ಮೆ ತರಬಹುದು. ಆದರೆ ಆನಂದವೆಂಬ ಹೆಸರಿನ ಆ ವಸ್ತು ದೊರೆತುದು ಹಂದಿಗಳ ಮಿದುಳಿನಿಂದ. 1995ರಲ್ಲಿ ಸಿಕ್ಕ ಇದೇ ಬಗೆಯ ಎರಡನೆಯ ದ್ರವ್ಯ ಜೆರುಸಲೇಮಿನಲ್ಲಿ ನಾಯಿಯ ಕರುಳಿನಿಂದಲೂ ಜಪಾನಿನಲ್ಲಿ ಇಲಿಯ ಮಿದುಳಿನಿಂದಲೂ ದೊರೆಯಿತು. ಕಲ್ಕತ್ತೆಯ ನಾಯಿಗಳಿಂದ ಹಿಡಿದು ಇಲ್ಲಿಯವರೆಗಿನ ಇತಿಹಾಸದಲ್ಲಿ ಒಂದು ಹೆಜ್ಜೆಯೂ ಮೂಕಪ್ರಾಣಿಗಳ ನೆರಳಿಲ್ಲದೆ ಬಂದಿಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಶ್ರಾವಕಧರ್ಮದ ಲೆಕ್ಕದಲ್ಲಿ, ತಿಳಿದು ತಿಳಿದೂ ಪ್ರಯೋಗಕ್ಕಾಗಿ ಕೊಲ್ಲುವುದು ಸಂಕಲ್ಪೀ ಹಿಂಸೆಯೇ. ಉದ್ದೇಶ ಒಳ್ಳೆಯದೆಂಬುದರಿಂದ ಅದರ ಹೆಸರು ಬದಲಾಗದು. ಅಂಥ ಜ್ಞಾನವನ್ನು ಬಳಸುವುದು ಅನುಮೋದನೆಯಾಗುತ್ತದೆಯೇ? ಒಮ್ಮೆ ತಿಳಿದುದನ್ನು ತಿಳಿಯದಂತೆ ಮಾಡುವುದು ಸಾಧ್ಯವಿಲ್ಲ. ಅದರಿಂದ ಒಬ್ಬ ಹುಡುಗ ಚಟದಿಂದ ಬಿಡಿಸಿಕೊಳ್ಳುವಂತಾದರೆ ಬೇಡವೆನ್ನುವುದೂ ಕರುಣೆಯಲ್ಲ. ಆದರೆ ಬೆಲೆಯನ್ನು ಹೇಳದೆ ಫಲವನ್ನು ಮಾತ್ರ ಹೇಳುವ ಲೇಖನಗಳು ಅರ್ಧಸತ್ಯವನ್ನು ಹೇಳುತ್ತವೆ.

ದೇಹದ ಈ ಕೀಲಿ ಕೆಲಸ ಮಾಡುವ ರೀತಿ 2001ರಲ್ಲಿ ಸ್ಪಷ್ಟವಾಯಿತು. ಅಮೆರಿಕೆಯ ಎರಡು ಮತ್ತು ಜಪಾನಿನ ಒಂದು ಪ್ರಯೋಗಶಾಲೆ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಅದನ್ನು ತೋರಿಸಿಕೊಟ್ಟವು. ನರಕೋಶಗಳ ನಡುವೆ ಸಂದೇಶ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ: ಒಂದು ಕಳುಹಿಸುತ್ತದೆ, ಇನ್ನೊಂದು ಪಡೆಯುತ್ತದೆ. ಈ ದ್ರವ್ಯಗಳು ಮಾತ್ರ ಹಿಮ್ಮುಖವಾಗಿ ಸಾಗುತ್ತವೆ. ಸಂದೇಶ ಹೆಚ್ಚಾದಾಗ ಪಡೆಯುವ ಕೋಶವೇ ಅವನ್ನು ಆಗಿಂದಾಗ ತಯಾರಿಸಿ ಕಳುಹಿಸುವ ಕೋಶಕ್ಕೆ 'ಸಾಕು' ಎಂದು ತಿಳಿಸುತ್ತದೆ. ಕೆಲಸ ಮುಗಿದೊಡನೆ ಕಿಣ್ವಗಳು ಆ ದ್ರವ್ಯವನ್ನು ಒಡೆದುಹಾಕುತ್ತವೆ. ಬೇಕಾದಲ್ಲಿ, ಬೇಕಾದಷ್ಟು, ಬೇಕಾದ ಕ್ಷಣದಲ್ಲಿ ಮಾತ್ರ. ಪರಿಮಾಣವ್ರತವನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಆದರೆ ಇಷ್ಟರಿಂದಲೇ 'ವಿಜ್ಞಾನ ಜೈನಧರ್ಮವನ್ನು ಸಮರ್ಥಿಸಿತು' ಎಂದು ಬೀಗುವುದು ಅವಸರ. ನರಕೋಶ ವ್ರತ ಹಿಡಿಯುವುದಿಲ್ಲ. ವ್ರತ ಹಿಡಿಯುವವನು ಬೇರೆ.

ಗಾಂಜಾ ಸೇದಿದಾಗ ಆಗುವುದು ಇದರ ವಿಪರ್ಯಾಸ. ಟಿ.ಎಚ್.ಸಿ. ಬೇಕಾದ ಕಡೆಗೆ ಮಾತ್ರ ಹೋಗುವುದಿಲ್ಲ. ಇಡೀ ಮಿದುಳನ್ನು ಒಮ್ಮೆಗೇ ತುಂಬುತ್ತದೆ. ಕ್ಷಣದಲ್ಲಿ ಮಾಯವಾಗುವುದೂ ಇಲ್ಲ. ಅಮಲು ಕೆಲವು ಗಂಟೆ ನಿಲ್ಲುತ್ತದೆ, ದ್ರವ್ಯದ ಅವಶೇಷ ಕೊಬ್ಬಿನಲ್ಲಿ ದಿನಗಟ್ಟಲೆ ಉಳಿಯುತ್ತದೆ. ಎಲ್ಲ ಕಡೆಯೂ ಏಕಕಾಲಕ್ಕೆ 'ಸಾಕು, ಸಾಕು' ಎಂಬ ಸೂಚನೆ ಹೋದಾಗ ನೆನಪು ಕಟ್ಟಿಕೊಳ್ಳುವುದಿಲ್ಲ, ಕಾಲದ ಅಳತೆ ತಪ್ಪುತ್ತದೆ, ಗಮನ ಚದುರುತ್ತದೆ. ಪ್ರಮಾದ ಎಂಬ ಪದಕ್ಕೆ ಶರೀರದ ಭಾಷೆಯಲ್ಲಿ ಇದಕ್ಕಿಂತ ಸಮೀಪದ ಅನುವಾದ ಸಿಗುವುದು ಕಷ್ಟ. ಹುಳಿಯಿಸಿದ ಹೆಂಡವಾಗಲಿ ಹಸಿರು ಸೊಪ್ಪಾಗಲಿ, ಹಾದಿ ಬೇರೆಯಾದರೂ ತಲಪುವ ತಾಣ ಇದೇ. ಸಿದ್ಧಾಂತಚಕ್ರವರ್ತಿ ನೇಮಿಚಂದ್ರರು ಚಾವುಂಡರಾಯನಿಗಾಗಿ ರಚಿಸಿದ ಗೊಮ್ಮಟಸಾರದ ಕರ್ಮಕಾಂಡದಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮಾನಗಳಿವೆ. ಮೋಹನೀಯಕ್ಕೆ ಅಲ್ಲಿರುವ ಉಪಮಾನ ಮದ್ಯ. ಮೋಹನೀಯ ಜ್ಞಾನಕ್ಕೆ ತೆರೆಯೆಳೆಯುವುದಿಲ್ಲ, ಆ ಕೆಲಸ ಜ್ಞಾನಾವರಣೀಯದ್ದು. ಅದು ಹಿತ ಯಾವುದು ಅಹಿತ ಯಾವುದು ಎಂಬ ವಿವೇಕವನ್ನು ತಲೆಕೆಳಗು ಮಾಡುತ್ತದೆ.

ಚಟ ಹುಟ್ಟುವ ಬಗೆ ಇನ್ನೊಂದು ಮಾತು. 1997ರಲ್ಲಿ ಇಟಲಿಯ ವಿಜ್ಞಾನಿಗಳು ಟಿ.ಎಚ್.ಸಿ. ಇಲಿಗಳ ಮಿದುಳಿನ ಒಂದು ನಿರ್ದಿಷ್ಟ ಭಾಗದಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಏರಿಸುತ್ತದೆಂದು ತೋರಿಸಿದರು. ಹೆರಾಯಿನ್ ಏರಿಸುವುದೂ ಅಲ್ಲಿಯೇ. 'ಇದನ್ನು ಮತ್ತೆ ಮಾಡು' ಎಂದು ಮಿದುಳಿಗೆ ಕಲಿಸುವ ತಾಣ ಅದು. ದಿನವೂ ಸೇದುವವನಲ್ಲಿ ಮಿದುಳು ಈ ಪ್ರವಾಹಕ್ಕೆ ಎದುರಾಗಿ ತನ್ನ ಗ್ರಾಹಿಗಳನ್ನು ಒಳಕ್ಕೆಳೆದುಕೊಂಡು ಅವುಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಆಗ ಮೊದಲಿನಷ್ಟೇ ಸೇದಿದರೆ ಮೊದಲಿನಷ್ಟು ಅಮಲಿಲ್ಲ. ಸೇದದಿದ್ದರೆ ದೇಹದ ಸ್ವಂತ ಆನಂದಮೈಡಿಗೂ ಸಾಕಷ್ಟು ಬೀಗಗಳಿಲ್ಲ. ನಿದ್ರೆಯಿಲ್ಲ, ಹಸಿವಿಲ್ಲ, ಸಿಡುಕು. ಹೊರಗಿನಿಂದ ತಂದ ಸುಖಕ್ಕಾಗಿ ಒಳಗಿನ ನೆಮ್ಮದಿಯ ಬಾಗಿಲುಗಳು ಮುಚ್ಚಿಕೊಂಡಿರುತ್ತವೆ.

ಗಾಂಜಾ ಚಟವಾಗುವುದೇ ಇಲ್ಲವೆಂಬ ಮಾತೂ ಸೇದಿದವರೆಲ್ಲ ಚಟಕ್ಕೆ ಬೀಳುತ್ತಾರೆಂಬ ಮಾತೂ ತಪ್ಪು. 1994ರ ಅಮೆರಿಕೆಯ ಅಧ್ಯಯನವೊಂದರ ಪ್ರಕಾರ ಒಮ್ಮೆಯಾದರೂ ಬಳಸಿದವರಲ್ಲಿ ಶೇಕಡಾ 9ರಷ್ಟು ಮಂದಿ ಅವಲಂಬನೆಗೆ ಒಳಗಾಗಿದ್ದರು. ಮದ್ಯದಲ್ಲಿ ಇದು ಶೇಕಡಾ 15, ತಂಬಾಕಿನಲ್ಲಿ 32. ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಗಾಂಜಾದ ಪ್ರಮಾಣ ಸುಮಾರು ಆರರಲ್ಲಿ ಒಬ್ಬರಿಗೆ ಏರುತ್ತದೆ. ಮೂಗು ಮುರಿಯುತ್ತ ಗಾಂಜಾದ ಮಾತಾಡುವ ಹಿರಿಯರ ಬಾಯಿಯಲ್ಲಿ ಹೊಗೆಸೊಪ್ಪು ಇರುವ ಮನೆಗಳಲ್ಲಿ ಈ ಕೊನೆಯ ಅಂಕಿಗಳನ್ನು ಓದಿ ಹೇಳುವುದು ಸುಲಭವಲ್ಲ.

ಹುಚ್ಚಿನ ಪ್ರಶ್ನೆಗೆ ಆಯೋಗದ ಕಾಲದಿಂದ ಉಳಿದಿದ್ದ ಸಂದೇಹಕ್ಕೆ ಸ್ವೀಡನ್ನಿನಿಂದ ಉತ್ತರ ಬಂದಿತು. ಸೈನ್ಯಕ್ಕೆ ಕಡ್ಡಾಯವಾಗಿ ಸೇರುವ 45,570 ತರುಣರನ್ನು ಹದಿನೈದು ವರ್ಷ ದಾಖಲೆಗಳ ಮೂಲಕ ಅನುಸರಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಸೇರುವ ಹೊತ್ತಿಗೆ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯ ಎಂಬ ಚಿತ್ತವಿಕಾರ ಬಳಸದವರಿಗಿಂತ ಆರು ಪಟ್ಟು ಹೆಚ್ಚಾಗಿ ಕಂಡಿತ್ತು. ಮೊದಲೇ ಮನಸ್ಸು ಕದಡಿದವರು ಗಾಂಜಾದ ಕಡೆಗೆ ಹೋಗಿರಬಹುದೆಂಬ ವಾದವೂ ಬಂದಿತು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 2019ರಲ್ಲಿ ಯೂರೋಪು ಮತ್ತು ಬ್ರೆಜಿಲ್‌ನ ಹನ್ನೊಂದು ಸ್ಥಳಗಳ ಅಧ್ಯಯನ, ಟಿ.ಎಚ್.ಸಿ. ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚಿರುವ ತೀಕ್ಷ್ಣ ಗಾಂಜಾವನ್ನು ದಿನವೂ ಬಳಸುವವರಲ್ಲಿ ಚಿತ್ತವಿಕಾರದ ಸಂಭವ ಸುಮಾರು ಐದು ಪಟ್ಟು ಎಂದು ಕಂಡುಕೊಂಡಿತು. ಇಲ್ಲಿ ಇನ್ನೊಂದು ಸಂಗತಿಯಿದೆ. ಅಮೆರಿಕೆಯಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇಕಡಾ 4ರಷ್ಟಿದ್ದ ಟಿ.ಎಚ್.ಸಿ. 2014ರ ಹೊತ್ತಿಗೆ ಸುಮಾರು 12ಕ್ಕೆ ಏರಿತ್ತು. 1894ರ ವರದಿಯನ್ನು ಹಿಡಿದು 'ಮಿತವಾದರೆ ಹಾನಿಯಿಲ್ಲ' ಎನ್ನುವವರು ಅಂದಿನ ಪದಾರ್ಥ ಇಂದಿನದಲ್ಲವೆಂಬುದನ್ನು ನೋಡುವುದಿಲ್ಲ.

ಇದೇ ಗ್ರಾಹಿಯನ್ನು ಮುಚ್ಚಿ ಲಾಭ ಪಡೆಯುವ ಪ್ರಯತ್ನವೂ ನಡೆಯಿತು. ಗಾಂಜಾ ಹಸಿವನ್ನು ಹೆಚ್ಚಿಸುವುದಾದರೆ ಗ್ರಾಹಿಯನ್ನು ಮುಚ್ಚಿದರೆ ಹಸಿವು ಕಡಿಮೆಯಾಗಿ ಬೊಜ್ಜು ಕರಗಬೇಕೆಂಬ ಲೆಕ್ಕದಲ್ಲಿ ರಿಮೊನಬಾಂಟ್ ಎಂಬ ಗುಳಿಗೆ 2006ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂದಿತು. ತೂಕ ಇಳಿಯಿತು, ಜೊತೆಗೆ ಖಿನ್ನತೆಯೂ ಆತ್ಮಹತ್ಯೆಯ ಆಲೋಚನೆಗಳೂ ಬಂದವು. 2008ರ ಅಕ್ಟೋಬರಿನಲ್ಲಿ ಅದರ ಮಾರಾಟ ನಿಂತಿತು. ಅವಮೌದರ್ಯವೆಂಬ ಬಾಹ್ಯತಪಸ್ಸನ್ನು, ಎಂದರೆ ಹೊಟ್ಟೆ ತುಂಬುವ ಮೊದಲೇ ಏಳುವುದನ್ನು, ಗುಳಿಗೆಯಿಂದ ಮಾಡಿಸಹೊರಟ ಈ ಪ್ರಸಂಗ ತನ್ನಷ್ಟಕ್ಕೆ ಒಂದು ಕಥೆ.

ಭಾರತದ ಸ್ಥಿತಿ ಹೇಗಿದೆ? 1985ರ ಮಾದಕದ್ರವ್ಯ ಕಾಯಿದೆ ಚರಸ್ಸನ್ನೂ ಹೂತೆನೆಯ ಗಾಂಜಾವನ್ನೂ ನಿಷೇಧಿಸಿತು. ತೆನೆಯಿಲ್ಲದ ಬರಿಯ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಭಂಗಿ ಈ ಕಾಯಿದೆಯ ಅಡಿ ನಿಷಿದ್ಧವಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವೂ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿತು. ಕಾಯಿದೆಗೆ ಎಲೆ ಬೇರೆ, ಹೂ ಬೇರೆ. ಮಿದುಳಿನ ಗ್ರಾಹಿಗೆ ಈ ಭೇದ ಗೊತ್ತಿಲ್ಲ. ಎಲೆಯಲ್ಲಿ ಪ್ರಮಾಣ ಕಡಿಮೆ, ದ್ರವ್ಯ ಅದೇ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇಕಡಾ 2.8ರಷ್ಟು, ಎಂದರೆ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಈ ಗಿಡದ ಯಾವುದಾದರೊಂದು ರೂಪವನ್ನು ಬಳಸಿದ್ದರು. ಇವರಲ್ಲಿ ಭಂಗಿ ಬಳಸಿದವರೇ ಹೆಚ್ಚು. ಆದರೆ ಚಟದ ಹಾನಿಗೆ ಸಿಕ್ಕಿದವರ ಪ್ರಮಾಣ ಗಾಂಜಾ ಮತ್ತು ಚರಸ್ ಬಳಸಿದವರಲ್ಲಿ ಅಧಿಕ. ನೆರವು ಬೇಕಾದವರು ಸುಮಾರು 72 ಲಕ್ಷ.

ನೆರವಿನ ಮಾತು ಬಂದಾಗ 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಹೇಳಲೇಬೇಕು. ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ನಡೆದ ಈ ಅಧ್ಯಯನಕ್ಕೆ ದಿನವೂ ಗಾಂಜಾ ಸೇದುತ್ತಿದ್ದ 30 ಮಂದಿ ತಾವಾಗಿಯೇ ಒಪ್ಪಿ ಬಂದರು. ಮಿದುಳನ್ನು ಕತ್ತರಿಸದೆ, ಚಿತ್ರಣ ಯಂತ್ರದ ಮೂಲಕ ಅವರ ಗ್ರಾಹಿಗಳನ್ನು ಎಣಿಸಲಾಯಿತು. ಆ ಚಿತ್ರಣಕ್ಕೆ ಬೇಕಾದ ರಾಸಾಯನಿಕವೂ ಹಿಂದಿನ ಪ್ರಾಣಿಪ್ರಯೋಗಗಳ ಋಣದಿಂದ ಬಂದುದೇ. ಆದರೂ ಒಂದು ಸಂಗತಿ ಗಮನಾರ್ಹ. ಯಂತ್ರ ಹೇಗೆ ಕೆಲಸ ಮಾಡುತ್ತದೆಂಬುದನ್ನು ಪ್ರಾಣಿಗಳಿಂದ ತಿಳಿದರು. ತಾಯಿತಂದೆಯರು ಕೇಳುವ ಪ್ರಶ್ನೆಗಳಿಗೆ, ಹುಚ್ಚು ಹಿಡಿಯುವುದೇ, ಚಟವಾಗುವುದೇ, ಬಿಟ್ಟರೆ ಸರಿಹೋಗುವುದೇ ಎಂಬವಕ್ಕೆ, ಉತ್ತರ ಕೊಟ್ಟವರು ಸಾಕ್ಷಿ ಹೇಳಿದ, ದಾಖಲೆಯಲ್ಲಿ ಸೇರಿದ, ಒಪ್ಪಿ ಮಲಗಿದ ಮನುಷ್ಯರು. ಸತ್ತ ಮೇಲೆ ಮಿದುಳನ್ನು ಸಂಶೋಧನೆಗೆ ದಾನ ಮಾಡುವ ದಾರಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾದ ಮಿದುಳು ಭಂಡಾರ ಅಂಥ ದಾನದಿಂದಲೇ ನಡೆಯುತ್ತ ಬಂದಿದೆ.

ಆ 30 ಮಂದಿಯ ಮಿದುಳಿನ ಹೊರಪದರದಲ್ಲಿ ಗ್ರಾಹಿಗಳು ಇತರರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆಯಿದ್ದವು. ಸೇದಿದ ವರ್ಷಗಳು ಹೆಚ್ಚಿದಷ್ಟೂ ಕೊರತೆ ಹೆಚ್ಚು. ಅವರಲ್ಲಿ 14 ಮಂದಿ ಸುಮಾರು ನಾಲ್ಕು ವಾರ ಆಸ್ಪತ್ರೆಯ ಕಾವಲಿನಲ್ಲಿ ಗಾಂಜಾ ಮುಟ್ಟದೆ ಉಳಿದರು. ಮತ್ತೆ ಎಣಿಸಿದಾಗ ಹೊರಪದರದ ಗ್ರಾಹಿಗಳು ಮೊದಲಿನ ಮಟ್ಟಕ್ಕೆ ಮರಳಿದ್ದವು. ನೆನಪಿನ ತಾಣವಾದ ಹಿಪೊಕ್ಯಾಂಪಸ್‌ನಲ್ಲಿ ಮಾತ್ರ ಅಷ್ಟು ದಿನಗಳಲ್ಲಿ ಪೂರ್ಣವಾಗಿ ಮರಳಿರಲಿಲ್ಲ.

ಬಿಟ್ಟವನಿಗೆ ಸಿಡುಕು, ನಿದ್ರಾಹೀನತೆ, ಊಟ ಸೇರದಿರುವುದು ತೀವ್ರವಾಗಿರುವುದು ಮೊದಲ ವಾರದಲ್ಲಿ. ಎರಡು ವಾರದ ಹೊತ್ತಿಗೆ ಬಹುಪಾಲು ತಗ್ಗುತ್ತದೆ. ನಿದ್ರೆ ಸರಿಯಾಗಲು ತಿಂಗಳಿಗೂ ಹೆಚ್ಚು ಬೇಕಾಗಬಹುದು. 2013ರಲ್ಲಿ ಅಮೆರಿಕೆಯ ಮನೋವೈದ್ಯರ ಸಂಘ ಇದನ್ನು ನಿಜವಾದ ಕಾಯಿಲೆಯ ಲಕ್ಷಣವೆಂದು ತನ್ನ ಕೈಪಿಡಿಯಲ್ಲಿ ಮೊದಲ ಬಾರಿಗೆ ಅಂಗೀಕರಿಸಿತು. ಮನೆಗಳಲ್ಲಿ ಅದು ಇನ್ನೂ ಅಂಗೀಕಾರವಾಗಿಲ್ಲ. ಬಸದಿಯಲ್ಲಿ ಮುನಿಗಳ ಸನ್ನಿಧಿಯಲ್ಲಿ ನಿಯಮ ಹಿಡಿದು ಬಂದ ಹುಡುಗ ನಾಲ್ಕನೆಯ ದಿನ ತಟ್ಟೆಯನ್ನು ತಳ್ಳಿ, ತಾಯಿಯ ಮೇಲೆ ರೇಗಿ, ರಾತ್ರಿಯೆಲ್ಲ ಎದ್ದು ಓಡಾಡಿದಾಗ 'ಇವನ ನಿಯಮ ಇಷ್ಟೇ' ಎಂಬ ತೀರ್ಪು ಹೊರಬೀಳುವುದು ಆ ಮೊದಲ ವಾರದಲ್ಲಿಯೇ.